ಸಿಗರೇಟ್ ಬಿಡಲು ಗುಂಪು ತರಗತಿ, ಹೋದವರು ಇದ್ದೀರಾ?

ಕೋಟೆಕೆರೆ ಹುಡುಗ: ಶಿರಸಿಯವನು, 14 ವರ್ಷದಿಂದ ದಿನಕ್ಕೆ ಹತ್ತು ಹನ್ನೆರಡು ಸಿಗರೇಟ್. ಮೂರು ಸಲ ಬಿಟ್ಟೆ, ಮೂರು ಸಲವೂ ಮಳೆಗಾಲ ಕೆಡಿಸಿತು, ಹೊರಗೆ ಜಡಿಮಳೆ, ಕೈಯಲ್ಲಿ ಬಿಸಿ ಚಹಾ, ಹೇಗೆ ತಡೆಯುವುದು ಹೇಳಿ. ಈಗ ಡಾಕ್ಟರು ವಾರಕ್ಕೊಮ್ಮೆ ಸೇರುವ ಗುಂಪಿಗೆ ಹೋಗು ಎನ್ನುತ್ತಾರೆ. ಹತ್ತು ಜನರೆದುರು ನನ್ನ ಚಟದ ಕಥೆ ಹೇಳಬೇಕಾ? ನಾಚಿಕೆ ಮಾರಾಯ್ರೆ.

ಕಾಳಿ ದಂಡೆ: ನಾನು ಕಾರವಾರದಲ್ಲಿ ಹೋಗಿದ್ದೆ. ಮೊದಲ ದಿನ ಬಾಯಿ ಬಿಡಲಿಲ್ಲ, ಯಾರೂ ಒತ್ತಾಯ ಮಾಡಲಿಲ್ಲ. ಎರಡನೇ ವಾರ ಎಲ್ಲರೂ ಒಂದೇ ದಿನ ಬಿಟ್ಟೆವು, ನನಗೆ ಕೆಲಸ ಮಾಡಿದ್ದು ಅದೇ. ಮೊದಲ ಮೂರು ದಿನ ಸಿಡುಕು ಜಾಸ್ತಿ, ಮನೆಯವರು ಪಾಪ. ಆದರೆ ಒಂದು ಸಲ ಬರುವ ಆಸೆ ಐದು ಹತ್ತು ನಿಮಿಷದಲ್ಲಿ ಇಳಿಯುತ್ತದೆ, ಆಗ ಗುಂಪಿನ ಯಾರಿಗಾದರೂ ಫೋನ್ ಮಾಡುತ್ತಿದ್ದೆ. ಬೋಟಿಗೆ ಹೋಗುವವನೊಬ್ಬ ರಾತ್ರಿ ಎರಡಕ್ಕೂ ಎತ್ತುತ್ತಿದ್ದ! ಜಾತ್ರೆಯಲ್ಲಿ ಒಮ್ಮೆ ಸೇದಿಬಿಟ್ಟೆ. ಅಲ್ಲಿ ಹೇಳಿದಾಗ ಬೈಯಲಿಲ್ಲ. ಯಾರ ಜೊತೆ, ಯಾವ ಹೊತ್ತಿಗೆ ಎಂದು ಕೇಳಿದರು ಅಷ್ಟೇ.

ತೋಟದ ಭಟ್ರು: ತಮಾ, ಸಿಗರೇಟ್ ಬಿಟ್ಟು ಕವಳಕ್ಕೆ, ಅಂದರೆ ಎಲೆ ಅಡಿಕೆಗೆ, ತಂಬಾಕು ಹಾಕಲು ಶುರು ಮಾಡಬೇಡ, ನಾನು ಕೆಟ್ಟಿದ್ದು ಹಾಗೇ. ಎರಡರಲ್ಲೂ ಅದೇ ನಿಕೋಟಿನ್ ಅಲ್ವಾ. ಬಾಯಿಗೆ ಹಾಕಿಕೊಳ್ಳಲು ನೆಲ್ಲಿಚಟ್ಟು (ಒಣಗಿಸಿದ ನೆಲ್ಲಿಕಾಯಿ) ಕಿಸೆಯಲ್ಲಿರಲಿ.

ಮಾರಿಕಾಂಬಾ ಪೇಟೆ: ತರಗತಿ ಶುರುವಾಗುವ ತನಕ 1800-11-2356ಕ್ಕೆ ಫೋನ್ ಮಾಡಿ, ತಂಬಾಕು ಬಿಡಲು ಸರ್ಕಾರದ ಸಹಾಯವಾಣಿ, ದುಡ್ಡಿಲ್ಲ. ನಿಕೋಟಿನ್ ಗಮ್ ತಗೊಂಡರೆ ಸುಮ್ನೆ ಜಗಿಯುತ್ತಾ ಇರಬೇಡಿ, ಸ್ವಲ್ಪ ಜಗಿದು ಕೆನ್ನೆ ಒಳಗೆ ಇಡಬೇಕು.

ಕೋಟೆಕೆರೆ ಹುಡುಗ: ಸರಿ, ಬುಧವಾರ ಹೋಗುತ್ತೇನೆ. ನೆಲ್ಲಿಚಟ್ಟು ಅಮ್ಮನ ಡಬ್ಬಿಯಲ್ಲಿದೆ.