ಪದಚರ್ಚೆ: ಥರ್ಮಲ್ ಪೇಸ್ಟಿಗೆ ‘ಮರುಲೇಪನ’ ಹೊಂದುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ವಿಜಯಪುರದಲ್ಲಿ ಕಂಪ್ಯೂಟರ್ ರಿಪೇರಿ ಕಲಿಯುವ ಹುಡುಗರಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಪ್ರೊಸೆಸರಿನ ಬಿಸಿ ಇಳಿಸಲು ಅದರ ಮೇಲೆ ಕೂರುವ ಕೂಲರನ್ನು ಬಿಚ್ಚಿ ಮತ್ತೆ ಕೂರಿಸುವ ಭಾಗದಲ್ಲಿ ಯಾವ ಕ್ರಿಯಾಪದ ಬಳಸಬೇಕೆಂದು ತಿಳಿಯದೆ ನಿಮ್ಮನ್ನು ಕೇಳುತ್ತಿದ್ದೇನೆ.

ಮೊದಲು ಕೆಲಸ ಏನೆಂದು ಹೇಳಿಬಿಡುತ್ತೇನೆ. ಪ್ರೊಸೆಸರಿನ ಲೋಹದ ಮುಚ್ಚಳ, ಕೂಲರಿನ ತಳ ಎರಡೂ ನುಣುಪಾಗಿ ಕಂಡರೂ ನಡುವಿನ ಸಣ್ಣ ಸಂದುಗಳಲ್ಲಿ ಗಾಳಿ ಉಳಿಯುತ್ತದೆ. ಆ ಸಂದುಗಳನ್ನು ತುಂಬಿ ಬಿಸಿಯನ್ನು ಕೂಲರಿಗೆ ದಾಟಿಸುವುದೇ ಥರ್ಮಲ್ ಪೇಸ್ಟ್. ಗಾಳಿಯ ಉಷ್ಣವಾಹಕತೆ ಮೀಟರ್-ಕೆಲ್ವಿನ್‌ಗೆ ಸುಮಾರು 0.026 ವ್ಯಾಟ್, ತಾಮ್ರದ್ದು 400ರ ಆಸುಪಾಸು. ಪೇಸ್ಟ್ ತಾಮ್ರದ ಹತ್ತಿರಕ್ಕೂ ಬರುವುದಿಲ್ಲ, ಆದರೆ ಒಳ್ಳೆಯ ಪೇಸ್ಟ್ ಗಾಳಿಗಿಂತ ನೂರು ಪಟ್ಟಿಗೂ ಮೇಲು. ಒಮ್ಮೆ ಕೂಲರ್ ಎತ್ತಿದರೆ ಆ ಪದರ ಹರಿದು ತಗ್ಗುದಿನ್ನೆಯಾಗುತ್ತದೆ. ಅದರ ಮೇಲೇ ಕೂಲರ್ ಕೂರಿಸಿದರೆ ಗಾಳಿ ಒಳಗೆ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಎರಡೂ ಮೈಗಳಿಂದ ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಪೂರ್ತಿ ಒರೆಸಿ, ಆರಿದ ಮೇಲೆ ಬಟಾಣಿ ಕಾಳಿನಷ್ಟು ಹೊಸದನ್ನು ನಡುವೆ ಇಟ್ಟು, ಕೂಲರನ್ನು ನೆಟ್ಟಗೆ ಒತ್ತಿ ಬಿಗಿಯಬೇಕು.

ಇದಕ್ಕೆ ‘ಮರುಲೇಪನ’ ಎಂದು ಬರೆದರೆ ಒರೆಸುವ ಮಾತು ಅದರೊಳಗೆ ಬರುತ್ತದೆಯೇ? ‘ಮರು’ ಎರಡು ದಿಕ್ಕಿಗೆ ಎಳೆಯುವ ಪದ. ಮರುಎಣಿಕೆ, ಮರುಪರೀಕ್ಷೆ ಎಂದಾಗ ಹಳೆಯದು ಬಿದ್ದುಹೋಯಿತು, ಹೊಸದಾಗಿ ಮಾಡು ಎಂದರ್ಥ. ಮರುಬಳಕೆ, ಮರುಮುದ್ರಣ ಎಂದಾಗ ಹಳೆಯದೇ ಮತ್ತೊಮ್ಮೆ ಬರುತ್ತದೆ. ‘ಮರುಲೇಪನ’ ಓದಿದ ಹುಡುಗ ಒಣಗಿದ ಪೇಸ್ಟಿನ ಮೇಲೆಯೇ ಇನ್ನೊಂದು ಪದರ ಮೆತ್ತಿದರೆ ತಪ್ಪು ಅವನದಲ್ಲ, ನನ್ನ ಪದದ್ದು. ‘ಕಲಾಯಿ ಹಾಕು’ ಎಂಬ ಮಾತಿನಲ್ಲಿ ಈ ತೊಂದರೆ ಇಲ್ಲ. ಹಳೆಯ ಪಾತ್ರೆಯನ್ನು ಕಾಯಿಸಿ, ನವಸಾಗರ ಹಾಕಿ ತಿಕ್ಕಿ ಬೆಳಗದೆ ತವರ ಹಿಡಿಯುವುದಿಲ್ಲ ಎಂಬುದು ಆ ಮಾತಿನೊಳಗೇ ಇದೆ. ಪೇಸ್ಟಿಗೆ ಅಂಥ ಕ್ರಿಯಾಪದ ನಮಗೆ ಇನ್ನೂ ಸಿಕ್ಕಿಲ್ಲ.

ಅಂಗಡಿಗಳಲ್ಲಿ ಕೇಳಿಬರುವುದು ‘ಹಚ್ಚು’: ‘ಪೇಸ್ಟ್ ಹಚ್ಚೀಯೇನೊ ತಮ್ಮಾ?’ ‘ಹೂಂ ರೀ ಅಣ್ಣಾ, ಒರಿಸಿ ಹಚ್ಚೀನ್ರಿ.’ ನನಗೆ ಇದೇ ಇಷ್ಟ. ಎಣ್ಣಿ ಹಚ್ಚು, ಮುಲಾಮು ಹಚ್ಚು ಎಂಬ ಸಾಲಿಗೆ ಪೇಸ್ಟ್ ತಾನಾಗಿ ಸೇರುತ್ತದೆ. ಆದರೆ ನಮ್ಮ ಕಡೆ ದೀಪವನ್ನೂ ಹಚ್ಚುತ್ತೇವೆ, ಫ್ಯಾನನ್ನೂ ಹಚ್ಚುತ್ತೇವೆ, ಫೋನನ್ನೂ ಹಚ್ಚುತ್ತೇವೆ. ಏಪ್ರಿಲ್ ಬಿಸಿಲಿನಲ್ಲಿ ವಿಜಯಪುರದ ಮನೆಯಲ್ಲಿ ‘ಕೂಲರ್ ಹಚ್ಚು’ ಎಂದರೆ ಕಿಟಕಿಯ ಹತ್ತಿರದ ನೀರಿನ ಕೂಲರ್ ಚಾಲೂ ಮಾಡು ಎಂದೇ ಅರ್ಥ. ಆದ್ದರಿಂದ ಪೇಸ್ಟಿಗೆ ‘ಹಚ್ಚು’, ಕೂಲರಿಗೆ ‘ಕೂರಿಸು’ ಎಂದು ಬೇರೆ ಮಾಡಿಟ್ಟಿದ್ದೇನೆ. ಮೈಸೂರು, ಮಂಗಳೂರು ಕಡೆಯವರು ಓದಿದರೂ ಇವುಗಳಲ್ಲಿ ಎಡವುವುದಿಲ್ಲ ಎಂದುಕೊಂಡಿದ್ದೇನೆ.

ತೆಗೆಯುವ ಕ್ರಿಯೆಗೂ ಎಚ್ಚರ ಬೇಕು. ‘ಕೂಲರ್ ಕೀಳು’ ಎಂದು ಬರೆಯಲೇಬಾರದು. ಎಎಂಡಿ ಕಂಪನಿಯ ಎಎಂ4 ಸಾಕೆಟ್ಟಿಗೆ (ಪ್ರೊಸೆಸರ್ ಕೂರುವ ಗೂಡು) ಬರುವ ಮಾದರಿಯಲ್ಲಿ ಪಿನ್ನುಗಳು ಪ್ರೊಸೆಸರಿಗೇ ಇರುತ್ತವೆ. ಪೇಸ್ಟ್ ಗಟ್ಟಿಯಾಗಿದ್ದಾಗ ಕಿತ್ತರೆ ಸಾಕೆಟ್ಟಿನ ಹಿಡಿ ಬೀಗವಾಗಿದ್ದರೂ ಪ್ರೊಸೆಸರ್ ಕೂಲರಿನ ತಳಕ್ಕೆ ಅಂಟಿಕೊಂಡೇ ಎದ್ದು ಬರಬಹುದು, ಪಿನ್ನು ಬಾಗಬಹುದು. ಕಂಪ್ಯೂಟರನ್ನು ಸ್ವಲ್ಪ ಹೊತ್ತು ನಡೆಸಿ ಪೇಸ್ಟ್ ಬೆಚ್ಚಗಾದ ಮೇಲೆ ಕಂಪ್ಯೂಟರ್ ಬಂದ್ ಮಾಡಿ, ಕರೆಂಟ್ ತೆಗೆದು, ಸ್ಕ್ರೂ ಬಿಚ್ಚಿ, ಕೂಲರನ್ನು ಮೆಲ್ಲಗೆ ಅತ್ತಿತ್ತ ತಿರುವಿ ಬಿಡಿಸಬೇಕು. ಇಲ್ಲಿ ‘ಬಿಡಿಸು’ ನನಗೆ ಸರಿ ಕಂಡಿದೆ.

ಇನ್ನೊಂದು ಪದ ತಲೆಯಲ್ಲಿ ಕೂತಿದೆ: ‘ತೊಡೆ’. ‘ತೊಡೆದುಹಾಕು’ ಎಂದರೆ ಅಳಿಸು. ಅದೇ ‘ತೊಡೆ’ಗೆ ಸವರು, ಬಳಿ ಎಂಬ ಅರ್ಥವೂ ಇದೆ. ಕಾದ ಮಡಕೆಯ ಮೈಗೆ ಹಿಟ್ಟು ತೆಳ್ಳಗೆ ಸವರಿ ಮಾಡುವ ಶಿರಸಿ ಕಡೆಯ ಸಿಹಿತಿಂಡಿ ‘ತೊಡೆದೇವು’ ಆ ಅರ್ಥದ್ದೇ. ಒರೆಸುವುದು, ಹಚ್ಚುವುದು ಎರಡನ್ನೂ ಒಂದೇ ಧಾತು ಹೊತ್ತಿರುವುದು ನೋಡಿ ಬಹಳ ಸಂತೋಷವಾಯಿತು. ಆದರೆ ಕೈಪಿಡಿಗೆ ಹಾಕಲು ಧೈರ್ಯ ಸಾಲದು. ‘ತೊಡೆ’ ಎಂದೊಡನೆ ನಮ್ಮ ಹುಡುಗರಿಗೆ ಕಾಲಿನ ತೊಡೆಯೇ ನೆನಪಾಗುತ್ತದೆ.

ಸದ್ಯಕ್ಕೆ ಬರೆದಿಟ್ಟ ಸಾಲು ಇದು: ‘ಕೂಲರ್ ಬಿಡಿಸಿದಾಗಲೆಲ್ಲ ಹಳೆಯ ಪೇಸ್ಟ್ ಒರೆಸಿ ಹೊಸದನ್ನು ಹಚ್ಚಿ.’ ಉದ್ದವಾದರೂ ತಪ್ಪಿಗೆ ಎಡೆಯಿಲ್ಲ. ಶೀರ್ಷಿಕೆಗೆ ಮಾತ್ರ ಒಂದೇ ಪದ ಬೇಕಾಗಿದೆ. ಬೆಳಗಾವಿ, ಬಾಗಲಕೋಟೆಯ ಅಂಗಡಿಗಳಲ್ಲಿ ಬೇರೆ ಮಾತು ಓಡಾಡುತ್ತಿದ್ದರೆ ದಯವಿಟ್ಟು ತಿಳಿಸಿ. ‘ತೊಡೆ’ಯನ್ನು ಸವರು ಎಂಬ ಅರ್ಥದಲ್ಲಿ ಇಂದಿಗೂ ಕ್ರಿಯಾಪದವಾಗಿ ಆಡುವವರಿದ್ದರೆ, ಯಾವ ಯಾವ ವಸ್ತುವಿಗೆ ಆಡುತ್ತೀರಿ ಎಂಬುದನ್ನೂ ಬರೆಯಿರಿ.