ಹುಲ್ಲಿನ್ಯಾಗ ಗಿಡ ಜಾಗ ಬದಲಿಸೋದನ್ನ ಅಳತಿ ಮಾಡೋದು ಹೆಂಗ್ರಿ?

ಕೊಪ್ಪಳ_ಬಾಟನಿ:
ಎಂ.ಎಸ್ಸಿ ಪ್ರಾಜೆಕ್ಟಿಗೆ ಅಂತ ಕುಷ್ಟಗಿ ಕಡಿ ನಮ್ಮೂರ ಮಟ್ಟಿ ಮ್ಯಾಲೆ ಹತ್ತು ಕ್ವಾಡ್ರಾಟ್ (ಫ್ರೇಮ್ ಇಟ್ಟು ಗಿಡ ಎಣಿಸೋ ಚೌಕ) ಹಾಕೀನಿ, ಒಂದೊಂದು 1 ಮೀಟರ್ ಚೌಕ. ಹೋದ ಸೆಪ್ಟೆಂಬರ್‌ನ್ಯಾಗ ಒಂದ್ರಾಗ 14 ಜಾತಿ ಇದ್ವು, ಈಗೂ 14, ಅವವೇ ಕರಿಕಿ, ತುಂಬಿ, ವಿಷ್ಣುಕ್ರಾಂತಿ, ನೆಗ್ಗಿಲಮುಳ್ಳು. ಆದ್ರ ತುಂಬಿ ಇದ್ದ ಮೂಲ್ಯಾಗ ಈಗ ಬರೇ ಕರಿಕಿ, ತುಂಬಿ ಒಂದ್ ಮೊಳ ಆಚೆ ಹೋಗಿ ಕುಂತೈತಿ. ಗೈಡ್ "ಏನೂ ಬದಲಾಗಿಲ್ಲಲ್ಲ, ಹಂಗ ಬರಿ" ಅಂತಾರ. ಈ ಓಡಾಟ ನಂಬರಿನಾಗ ಹೆಂಗ ಹಿಡೀಬೇಕು?

ರಾಯಚೂರಕ್ಕ:
ತಮ್ಮಾ, ನಿನ್ನ ಚೌಕ ದೊಡ್ಡದಾತು ಅಷ್ಟ. ಅದೇ ಫ್ರೇಮಿಗೆ 10 ಸೆಂ.ಮೀ.ಗೊಂದು ದಾರ ಕಟ್ಟು, ಚೌಕಾಬಾರದ ಹಂಗ 100 ಮನಿ ಆಗ್ತಾವ. ಯಾವ ಮನ್ಯಾಗ ಯಾವುದು ಬೇರೂರ್ಯದ ಬರ್ಕೋ, ಪಕ್ಕದಿಂದ ಬಾಗಿದ ಎಲಿ ಲೆಕ್ಕಕ್ಕಿಲ್ಲ. ಹೋದವು, ಹೊಸಾವು ಎರಡೂ ಕೂಡ್ಸಿ, ಎರಡು ವರ್ಷದ ಜಾತಿಗಳ ಒಟ್ಟಿನಿಂದ ಭಾಗಿಸು. ಒಂದ್ ಮನ್ಯಾಗ 5 ಇದ್ವು, 2 ಹೋಗಿ ಬ್ಯಾರೆ 2 ಬಂದ್ರ ಈಗೂ 5 ನ, ಆದ್ರ ಟರ್ನೋವರ್, ಅಂದ್ರ ಜಾತಿಗಳ ಅದಲುಬದಲು, 4/10, ಅಂದ್ರ 40%.

ಸ್ವೀಡನ್ನಿನ ಓಲಂಡ್ ದ್ವೀಪದ ಸುಣ್ಣಕಲ್ಲಿನ ಹುಲ್ಲುಗಾವಲದಾಗ ವಾನ್ ಡೆರ್ ಮಾರೆಲ್, ಸೈಕ್ಸ್ ಅನ್ನೋರು ಸಣ್ಣ ಸಣ್ಣ ಚೌಕ ವರ್ಷಾವರ್ಷ ಎಣಿಸಿ 1993ರಾಗ 'ಕರೋಸೆಲ್ ಮಾಡೆಲ್' ಅಂತ ಬರ್ದಾರ. ನಿಮ್ಮ ಗವಿಮಠದ ಜಾತ್ರ್ಯಾಗ ಕುದುರಿ ಗಿರಗಿಟ್ಲಿ ಇರ್ತದಲ್ಲ, ಕುದುರಿ ಅಷ್ಟೇ, ಕುಂತ ಹುಡುಗ್ರು ಬ್ಯಾರೆ. ಯಾವ ವರ್ಷ ಎಣಿಸಿದ್ರೂ ಜಾತಿ ಹೆಚ್ಚುಕಮ್ಮಿ ಅಷ್ಟ, ಬಂದುಹೋದವ್ರ ಪಟ್ಟಿ ಮಾತ್ರ ಬೆಳಕೊಂತ ಹೋಗ್ತದ.

ಬಳ್ಳಾರಿಜಾಲಿ:
ಲೆಕ್ಕ ಬರೋಬ್ಬರಿ ಐತಿ, ಆದ್ರ ಫ್ರೇಮ್ ಅದೇ ಜಾಗಕ್ಕ ಕುಂತೈತೋ ಇಲ್ಲೋ ಮೊದ್ಲ ನೋಡ್ರಿ. ನಾ ಸಂಡೂರು ಕಡಿ ಕಟಗಿ ಗೂಟ ಹೊಡ್ದಿದ್ದೆ, ಮರುವರ್ಷ ಹೋದ್ರ ಎಲ್ಲಾ ಕುರಿ ಕಾಯೋ ಅಜ್ಜನ ಒಲಿ ಸೇರಿದ್ವು, "ಒಣಾ ಕಟಗಿ ಅಲ್ಲೇನಪಾ" ಅಂದ. ಅಂದಾಜಿನ ಮ್ಯಾಲೆ ಫ್ರೇಮ್ ಇಟ್ಟೆ, ಟರ್ನೋವರ್ ಭಾರಿ ಬಂತು, ಖುಷಿನೂ ಪಟ್ಟೆ, ಆಮ್ಯಾಲೆ ಹಳೆ ಫೋಟೋ ಹಚ್ಚಿ ನೋಡಿದ್ರ ಫ್ರೇಮ್ ಒಂದ್ ಗೇಣು ಸರದಿತ್ತು. ನಾ ಅಳದಿದ್ದು ಪಕ್ಕದ ಮನಿ! ಆರಿಂಚಿನ ಕಬ್ಬಿಣದ ಮೊಳಿ ನೆಲಕ್ಕ ಸಮ ಹೊಡೀರಿ, ಎರಡು ಬಂಡಿಗಲ್ಲಿನಿಂದ ಟೇಪ್ ಹಿಡ್ದು ಅಳತಿ ಬರ್ಕೊಳ್ರಿ. ಮತ್ತ ಒಂದ್ನಾಲ್ಕು ಚೌಕ ಅದೇ ವಾರ ಬ್ಯಾರೆಯವ್ರ ಕಡಿಂದ ತಿರುಗಿ ಎಣಿಸ್ರಿ, ಆಗ ಬಂದ ವ್ಯತ್ಯಾಸ ಗಿಡದ್ದಲ್ಲ, ಕಣ್ಣಿಂದು.

ಕೊಪ್ಪಳ_ಬಾಟನಿ:
ಅಯ್ಯೋ, ನಂದೂ ಕಟಗಿ ಗೂಟನ 😬 ಅಕ್ಕಾ, ಒಂದ್ ಮನ್ಯಾಗ ನೆಗ್ಗಿಲು ಕಾಣಲಿಲ್ಲಂದ್ರ 'ಹೋತು' ಅಂತ ಬರೀಲೇನ್ರಿ? ಬೀಜ ಮಣ್ಣಾಗ ಇರ್ತಾವಲ್ಲ.

ರಾಯಚೂರಕ್ಕ:
'ನೆಲದ ಮ್ಯಾಲೆ ಇಲ್ಲ' ಅಂತ ಬರಿ. ನೆಗ್ಗಿಲು ಒಂದ್ ಮಳಿಗಾಲದ ಗಿಡ, ಮಳಿ ತಪ್ಪಿದ್ರ ಬೀಜದಾಗ ಮಲಗ್ತದ. ಕರಿಕಿ ಹಂಗಲ್ಲ, ಬಳ್ಳಿ ಚಾಚಿ ಮನಿಂದ ಮನಿಗೆ ನಡಕೊಂತ ಹೋಗ್ತದ. ಎರಡನ್ನೂ ಬ್ಯಾರೆ ಬ್ಯಾರೆ ಲೆಕ್ಕ ಹಾಕು. ಮೂರನೇ ವರ್ಷನೂ ಎಣಿಸಿದ್ರ ತಿರುಗಿ ಬಂದವು ಯಾವು ಗೊತ್ತಾಗ್ತದ.

ಕೊಪ್ಪಳ_ಬಾಟನಿ:
ಎರಡು ವರ್ಷಕ್ಕ ಕೋರ್ಸ್ ಮುಗಿತೈತಿ ಅಕ್ಕಾ! ಹೋದ ವರ್ಷ ನೆಟ್ಟಗ ಮ್ಯಾಲಿಂದ ತೆಗೆದ ಫೋಟೋ ಅದಾವ, ಅದ್ರ ಮ್ಯಾಲೇನ ಗೆರಿ ಎಳದು ನೋಡ್ತೀನಿ. ನಾಳೆ ದಾರ, ಮೊಳಿ ತರಾಕ ಹೊಂಟೀನಿ.