ಸಹಾಯ ಬೇಕು: ‘ಪೆಸಿಫಿಕ್ ರಿಮ್: ದಿ ಬ್ಲ್ಯಾಕ್’ 13 ವರ್ಷದ ಮಗಳಿಗೆ ತೋರಿಸಬಹುದಾ?

ಎಲ್ಲರಿಗೂ ನಮಸ್ಕಾರ. ನೆಟ್‌ಫ್ಲಿಕ್ಸ್‌ನಲ್ಲಿ 2021ರಲ್ಲಿ ಶುರುವಾದ ಈ ಅನಿಮೇಷನ್ ಸೀರೀಸ್‌ನ ಎರಡೂ ಸೀಸನ್, ಅಂದರೆ 14 ಎಪಿಸೋಡ್ ಪೂರ್ತಿ ನೋಡಿದವರು ದಯವಿಟ್ಟು ಹೇಳಿ.

ನಿನ್ನೆ ರಾತ್ರಿ ಮಗಳ ಜೊತೆ ಕೂತು ಮೊದಲ ಎಪಿಸೋಡ್ ನೋಡಿದೆ. ದೈತ್ಯ ಪ್ರಾಣಿಗಳು ಆಸ್ಟ್ರೇಲಿಯಾವನ್ನು ಹಾಳುಮಾಡಿರುತ್ತವೆ. ಅಣ್ಣ-ತಂಗಿ ಇಬ್ಬರನ್ನೂ ಸುರಕ್ಷಿತ ಜಾಗದಲ್ಲಿ ಬಿಟ್ಟು ಹೋದ ಅಪ್ಪ ಅಮ್ಮ ಐದು ವರ್ಷವಾದರೂ ಬಂದಿಲ್ಲ. ಆಮೇಲೆ ಮಕ್ಕಳು ಹಳೇ ರೋಬೋಟ್ ಒಂದನ್ನು ಚಾಲೂ ಮಾಡಿದ್ದಕ್ಕೆ ದೈತ್ಯ ಬಂದು ಅಲ್ಲಿದ್ದವರೆಲ್ಲ ಸಾಯುತ್ತಾರೆ.

ದೈತ್ಯವನ್ನು ನೋಡಿ ನನ್ನ ಮಗಳು ಒಂಚೂರೂ ಹೆದರಲಿಲ್ಲ. ಆದರೆ ಆ ತಂಗಿ ‘ನನ್ನಿಂದಲೇ ಆಯ್ತು’ ಅಂತ ಕುಗ್ಗಿದಾಗ ಇವಳು ದಿಂಬನ್ನು ಅವುಚಿಕೊಂಡು ಸುಮ್ಮನಾದಳು. ಮಲಗುವಾಗ, "ಅಮ್ಮಾ, ಅವಳದು ತಪ್ಪಾ?" ಅಂದಳು. ಹೋದ ವರ್ಷ ಅವರಜ್ಜಿ ತೀರಿಕೊಂಡಾಗಲೂ ಹೀಗೇ ತನ್ನನ್ನೇ ದೂರಿಕೊಂಡಿದ್ದಳು, ಅದಕ್ಕೇ ನನಗೆ ಭಯ.

ಮುಂದೆ ಆ ಹುಡುಗಿಗೆ ಸಮಾಧಾನ ಸಿಗುತ್ತಾ? ರಕ್ತಪಾತ ಇನ್ನೂ ಹೆಚ್ಚುತ್ತಾ? ಕಥೆ ಗೊತ್ತಾದರೂ ಪರವಾಗಿಲ್ಲ, ಬಿಡಿಸಿ ಹೇಳಿ. ಶನಿವಾರ ಎರಡನೇ ಎಪಿಸೋಡ್ ನೋಡೋಣ ಅಂತ ಅವಳಿಗೆ ಮಾತು ಕೊಟ್ಟಿದ್ದೇನೆ.